ಬಿಜಾಯಾದ ಯಮ್ಮ

ಅವನು ನಮ್ಮ ಆಫೀಸಿಗೆ ಹೊಸದಾಗಿ ಬಂದಾಗ ನಾನು ಮುಖ ಎತ್ತಿಯೂ ನೋಡಿರಲಿಲ್ಲ. ದೋಹಾದಲ್ಲಿ ಮಂದಿ ಬರುತ್ತಾರೆ, ಹೋಗುತ್ತಾರೆ. ಎಲ್ಲರನ್ನೂ ಹಚ್ಚಿಕೊಳ್ಳುತ್ತ ಕೂತರೆ ಕೆಲಸ ಆಗುವುದಿಲ್ಲ. ಆದರೆ ಒಂದು ಮಧ್ಯಾಹ್ನ ಪಾರ್ಟಿಷನ್ನಿನ ಆಚೆ ಅವನು ಫೋನಿನಲ್ಲಿ "ಯಮ್ಮಾ, ಯಮ್ಮಾ" ಎನ್ನುವುದು ಕೇಳಿಸಿತು. ನಾನು ಚಹಾದ ಕಪ್ಪು ಕೆಳಗಿಟ್ಟೆ. ನಮ್ಮ ಕಡೆಯವರನ್ನು ಬಿಟ್ಟು ತಾಯಿಯನ್ನು ಹಾಗೆ ಕರೆಯುವವರು ಯಾರಿದ್ದಾರೆ? ಎದ್ದು ಹೋಗಿ, "ಯಾವೂರ್ರೀ ನಿಮ್ದು?" ಎಂದೆ. ಅವನು ಪಿಳಿಪಿಳಿ ಕಣ್ಣು ಬಿಟ್ಟ. ಇಂಗ್ಲಿಷಿನಲ್ಲಿ ಕೇಳಿದೆ. "ಬಿಜಾಯಾ" ಎಂದ. ನನಗೆ ಕೇಳಿಸಿದ್ದು ಬಿಜಾಪುರ. ಸರಕಾರ ಹೆಸರು ಬದಲಿಸಿದರೂ ನಮ್ಮ ಬಾಯಲ್ಲಿ ಊರು ಇನ್ನೂ ಬಿಜಾಪುರವೇ ನೋಡ್ರಿ. ಖುಷಿಗೆ ಅವನ ಬೆನ್ನು ತಟ್ಟಿ, ಗೋಳಗುಮ್ಮಟದಿಂದ ಮನೆ ಎಷ್ಟು ದೂರ ಎಂದು ಕೇಳಿಯೇಬಿಟ್ಟೆ.

ಅವನು ಅಲ್ಜೀರಿಯಾದವನು. ಬಿಜಾಯಾ ಅಲ್ಲಿನ ಸಮುದ್ರದಂಡೆಯ ಊರು. ಅವನ ಮನೆಯಲ್ಲಿ ಆಡುವುದು ಅರಬ್ಬಿ ಅಲ್ಲ, ಕಬೈಲ್ ಎನ್ನುವ ಬೇರೆಯೇ ಭಾಷೆ. ಅದರಲ್ಲಿ ತಾಯಿಗೆ ಯಮ್ಮಾ ಎನ್ನುತ್ತಾರಂತೆ. ನಾನು ಪೆಚ್ಚಾದೆ. ಅವನು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ನಾವು ಗೆಳೆಯರು.

ಇಬ್ಬರದೂ ಸರ್ವೇ ಕೆಲಸ. ಬಿಸಿಲು ಇಳಿಯುವವರೆಗೆ ಗಾಡಿಯಲ್ಲಿ ಕೂತಿರುವಾಗ ಅವನು ಊರಿನ ಪುರಾಣ ತೆಗೆಯುತ್ತಿದ್ದ. ಬೆನ್ನಿಗೆ ಬೆಟ್ಟ, ಮುಂದೆ ಕೊಲ್ಲಿ. ಬೆಟ್ಟವೇ ಗಾಳಿ ತಡೆಯುವುದರಿಂದ ಹಡಗುಗಳಿಗೆ ಅಲ್ಲಿ ಆಸರೆ. ರೋಮನ್ನರು ಬಂದರು, ಆಮೇಲೆ ಅದು ಒಬ್ಬ ಸುಲ್ತಾನನ ರಾಜಧಾನಿಯಾಯಿತು, ಸ್ಪೇನಿನವರು ಕೋಟೆ ಕಟ್ಟಿದರು, ತುರ್ಕರು ಕಿತ್ತುಕೊಂಡರು, ಫ್ರೆಂಚರು ಎಲ್ಲರನ್ನೂ ಓಡಿಸಿದರು. ಆ ಊರಿನಿಂದ ಎಷ್ಟು ಮೇಣ ಹೋಗುತ್ತಿತ್ತೆಂದರೆ ಫ್ರೆಂಚರು ಮೇಣದಬತ್ತಿಗೆ ಊರಿನ ಹೆಸರನ್ನೇ ಇಟ್ಟರಂತೆ. ಈಗ ಸಹಾರಾದ ಎಣ್ಣೆ ಪೈಪಿನಲ್ಲಿ ಬಂದು ಅಲ್ಲೇ ಹಡಗು ಹತ್ತುತ್ತದೆ. ನಾನೇನು ಬಿಡುತ್ತೇನೆಯೇ? ನಮ್ಮೂರೂ ಸುಲ್ತಾನರ ರಾಜಧಾನಿಯೇ ಎಂದು ಶುರು ಹಚ್ಚುತ್ತಿದ್ದೆ. "ಸಮುದ್ರ ಇದೆಯಾ?" ಎಂದು ಅವನು ಬಾಯಿ ಮುಚ್ಚಿಸುತ್ತಿದ್ದ.

ಅವನ ಕಥೆಗಳಲ್ಲಿ ನನಗೆ ಹಿಡಿಸಿದ್ದು ಸುರಂಗದ್ದು. ಊರಿಗೆ ನೀರು ತರಲು ರೋಮನ್ನರು ಗುಡ್ಡದ ಎರಡೂ ಕಡೆಯಿಂದ ಅಗೆಯತೊಡಗಿದರು. ಆ ಕಡೆಯವರೂ ಈ ಕಡೆಯವರೂ ತಮ್ಮ ತಮ್ಮ ಬಲಕ್ಕೆ ಸರಿದು ಸರಿದು, ಒಬ್ಬರನ್ನೊಬ್ಬರು ದಾಟಿ ಹೋದರು. ಗುಡ್ಡಕ್ಕಿಂತ ಉದ್ದ ಅಗೆದರೂ ಸುರಂಗ ಕೂಡಲಿಲ್ಲ. ಕೊನೆಗೆ, ಮೊದಲು ಅಳತೆ ಮಾಡಿ ಲೆವೆಲ್ ಹಾಕಿಕೊಟ್ಟಿದ್ದ ಮನುಷ್ಯನನ್ನೇ ಮತ್ತೆ ಕರೆಸಿ ಸರಿಮಾಡಿಸಿದರು. ಇದನ್ನೆಲ್ಲ ಕೆತ್ತಿಸಿದ ಕಲ್ಲು ಈಗ ಊರಲ್ಲಿದೆಯಂತೆ. ತಪ್ಪನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟ ಆ ಮಂದಿಯ ಧೈರ್ಯ ನನಗೆ ಭಾರೀ ಹಿಡಿಸಿತು. ನಾವಾಗಿದ್ದರೆ ಡ್ರಾಯಿಂಗನ್ನೇ ತಿದ್ದಿ ಖಲಾಸ್ ಮಾಡುತ್ತಿದ್ದೆವು.

ಇಷ್ಟೆಲ್ಲ ಮಾತಿನ ನಡುವೆ ಅವನಿಗೆ ಒಂದೇ ಚಿಂತೆ: ತಾಯಿ. ತಂದೆ ತೀರಿಕೊಂಡ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಓಣಿಯಲ್ಲಿ ಆಕೆ ಒಬ್ಬರೇ. ಹೇಗಾದರೂ ಮಾಡಿ ಕಾಯಂ ಆಗಿ ಇಲ್ಲಿಗೇ ತಂದಿಟ್ಟುಕೊಳ್ಳಬೇಕು. ಅವನು ಮದುವೆಯಾಗಿಲ್ಲ, ಆಕೆಗೆ ಬೇರೆ ಮಕ್ಕಳೂ ಇಲ್ಲ. ವರ್ಷಗಟ್ಟಲೆ ಕರೆದ ಮೇಲೆ, ಚಳಿಗಾಲ ಕಳೆಯುವವರೆಗೆ ಬರುತ್ತೇನೆಂದು ಆಕೆ ಒಪ್ಪಿದರು. ಅವನು ಅಲ್ ಮುಂತಜಾದಲ್ಲಿ ನಮ್ಮ ಓಣಿಯಲ್ಲೇ ನೆಲ ಅಂತಸ್ತಿನ ಮನೆ ಹಿಡಿದ, ಹೊಸ ಪರದೆ ಹಾಕಿಸಿದ. ಹೋಗುವಾಗ ಹೇಗೂ ಮನಸ್ಸು ಬದಲಿಸುತ್ತಾರೆ ಎಂದು ನನ್ನೆದುರು ದಿನವೂ ಹೇಳುತ್ತಿದ್ದ.

ಬಂದವರು ಗಟ್ಟಿ ಹೆಂಗಸು. ಆದರೆ ಓಣಿಯ ಕೊನೆಯ ಅಂಗಡಿಗೆ ಹೋದರೆ ತಿರುಗಿ ಮನೆ ಸಿಗದು. ಅವರ ಊರಲ್ಲಿ ಎಲ್ಲಿ ನಿಂತರೂ ಕತ್ತೆತ್ತಿದರೆ ಬೆಟ್ಟ. ಆ ಬೆಟ್ಟವನ್ನೂ ಅಲ್ಲಿಯವರು ಯಮ್ಮಾ ಎಂದೇ ಕರೆಯುತ್ತಾರೆ. ಇಲ್ಲಿ ಯಾವ ಕಡೆ ತಿರುಗಿದರೂ ಒಂದೇ. "ಈ ಊರಿಗೆ ಬೆನ್ನು ಯಾವುದು, ಮುಖ ಯಾವುದು?" ಎಂದು ಮಗನನ್ನು ಕೇಳಿದರಂತೆ. ಅವನು ಅದನ್ನೇ ಹಿಡಿದುಕೊಂಡ. ಬೆಟ್ಟ ಒಂದು ಸಿಕ್ಕರೆ ಯಮ್ಮ ನಿಲ್ಲುತ್ತಾಳೆ ಎಂದ. ಈ ದೇಶದ ಏರುತಗ್ಗು ನಮ್ಮಿಬ್ಬರಿಗೆ ಗೊತ್ತಿಲ್ಲದ್ದೇನಲ್ಲ, ಬೆಟ್ಟ ಎಲ್ಲಿಂದ ತರುವುದು? ಆದರೂ ಒಂದು ಶುಕ್ರವಾರ ನನ್ನ ಹೆಂಡತಿಯೂ ಸೇರಿ ನಾಲ್ವರೂ ಪಶ್ಚಿಮದ ಸಮುದ್ರದಂಡೆಗೆ ಹೋದೆವು. ಅಲ್ಲಿ ಗಾಳಿ ತಿಂದ ಸುಣ್ಣಗಲ್ಲಿನ ದಿಬ್ಬಗಳಿವೆ. ಆಕೆ ಗಾಡಿಯಿಂದಿಳಿದು ಒಂದು ಸುತ್ತು ನೋಡಿ ಏನೋ ಅಂದರು. ಮಗ ನಗುತ್ತ ತಿಳಿಸಿದ: "ಚೆನ್ನಾಗಿದೆ, ಇನ್ನೂ ಕೂಸು, ಬೆಳೆಯಲಿ ಅಂತಾಳೆ."

ನನ್ನ ಹೆಂಡತಿಗೂ ಆಕೆಗೂ ನಡುವೆ ಭಾಷೆಯೇ ಇರಲಿಲ್ಲ, ಆದರೂ ಅವರ ಮಾತು ಮುಗಿಯುತ್ತಿರಲಿಲ್ಲ. ಇವಳು ಜೋಳದ ರೊಟ್ಟಿ ಬಡಿಯಲು ಕೂತರೆ ಆಕೆ ಪಕ್ಕದಲ್ಲಿ ಕೂತು ರವೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ಇವಳು ಕನ್ನಡದಲ್ಲೇ "ಯಮ್ಮಾ, ನೀರ ಸ್ವಲ್ಪ ಜಾಸ್ತಿ ಆತು ನೋಡ್ರಿ" ಎನ್ನುವುದು, ಆಕೆ ತಿರುಗಿ ಅವರ ಭಾಷೆಯಲ್ಲಿ ಬೈಯುವುದು. ಮಗನನ್ನು ಬಿಟ್ಟರೆ ಈ ದೇಶದಲ್ಲಿ ಆಕೆಯನ್ನು ಹಾಗೆ ಕರೆದವಳು ಇವಳೊಬ್ಬಳೇ. ಗೆಳೆಯನಿಗೆ ಆಸೆ ಹುಟ್ಟಿತು. "ನಿನ್ನ ಹೆಂಡತಿ ಇದ್ದಾಳಲ್ಲ, ಇನ್ನು ಹೋಗುವುದಿಲ್ಲ ಬಿಡು" ಎಂದ. ನನಗೂ ಹಾಗೇ ಅನ್ನಿಸಿತ್ತು.

ಬಿಸಿಲು ಏರತೊಡಗಿದಾಗ ಆಕೆ ಹೊರಡುತ್ತೇನೆಂದರು. ಮಗ ಬೇಡಿಕೊಂಡ, ಸಿಟ್ಟು ಮಾಡಿದ, ಒಂದು ಹೊತ್ತು ಊಟವನ್ನೂ ಬಿಟ್ಟ. ಟಿಕೆಟ್ ಆಯಿತು. ಹೊರಡುವ ಹಿಂದಿನ ದಿನ ಇಬ್ಬರನ್ನೂ ಊಟಕ್ಕೆ ಕರೆದಿದ್ದೆವು. ಊಟವಾದ ಮೇಲೆ ಆಕೆ ನನ್ನ ಹೆಂಡತಿಯ ಕೈ ಹಿಡಿದುಕೊಂಡು, ಅವಳ ಮುಖವನ್ನೇ ನೋಡುತ್ತ, ನಿಧಾನವಾಗಿ ಏನೋ ಹೇಳಿದರು.

"ಏನಂದ್ರು ಕೇಳ್ರಿ" ಎಂದು ಹೆಂಡತಿ ನನಗೆ ಹೇಳಿದಳು. ನಾನು ಅವನ ಕಡೆ ನೋಡಿದೆ. ಅವನು ನೀರಿನ ಲೋಟ ಕೈಗೆತ್ತಿಕೊಂಡ. ಆಕೆಯೇ ಹೇಳು ಎಂಬಂತೆ ಅವನ ಮೊಣಕಾಲು ತಟ್ಟಿದರು.

"ನಾನು ಇಲ್ಲಿರುವುದಕ್ಕೆ ಬಂದವಳಲ್ಲ ಅಂತಾಳೆ" ಎಂದ ಅವನು, ಯಾರನ್ನೂ ನೋಡದೆ. "ಇವನನ್ನು ಕರೆದುಕೊಂಡು ಹೋಗುವುದಕ್ಕೆ ಬಂದಿದ್ದೆ. ಕೇಳಬೇಕು ಕೇಳಬೇಕು ಅಂದುಕೊಂಡೇ ಚಳಿಗಾಲ ಮುಗಿಯಿತು. ಇವನಿಗೊಂದು ಹೊತ್ತಿನ ಊಟ ತಪ್ಪದ ಹಾಗೆ ನೋಡಿಕೋ, ಅಂತ ಹೇಳಿದಳು."

ಅದನ್ನು ನಾನು ಹೆಂಡತಿಗೆ ಕನ್ನಡದಲ್ಲಿ ಹೇಳಿದೆ. ಅವಳು ಆಕೆಯ ಕೈ ಬಿಡಲಿಲ್ಲ.

ಮರುದಿನ ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ತಿರುಗಿ ಬರುವಾಗ ಗಾಡಿ ನಾನೇ ಓಡಿಸಿದೆ.

"ಇಷ್ಟು ದಿನದಲ್ಲಿ ಒಮ್ಮೆಯೂ ಬಾ ಅನ್ನಲಿಲ್ಲ ನನಗೆ" ಎಂದ ಅವನು, ಅರ್ಧ ದಾರಿಯಲ್ಲಿ.

"ಅಂದಿದ್ದರೆ ಹೋಗುತ್ತಿದ್ದೆಯಾ?" ಎಂದೆ.

ಮುಂದೆ ಸಿಗ್ನಲ್ಲು ಬಿಟ್ಟಿತು.

"ಇಲ್ಲ," ಎಂದ. "ಅದು ಅವಳಿಗೆ ಬಂದ ದಿನವೇ ಗೊತ್ತಾಗಿರಬೇಕು. ಆ ಹೊಸ ಪರದೆ ನೋಡಿಯೇ."