ನಾನು ನಿಧಾನವಾಗಿ ಮುಗಿಸಿದ ಮಹಾಪ್ರಬಂಧ

ಹೆಸರಿನ ಹಿಂದೆ 'ಡಾ.' ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದವರಿಗೆಲ್ಲ ಏನಾದರೊಂದು ಹಾರಿಕೆಯ ಉತ್ತರ ಕೊಡುತ್ತ ಬಂದಿದ್ದೇನೆ. ಬೀದಿಯವರು ಜ್ವರದ ಮಾತ್ರೆ ಕೇಳಿಕೊಂಡು ಬಂದಾರು ಎಂದು ನಗಿಸಿ ಕಳಿಸುತ್ತೇನೆ. ನಿಜ ಹೇಳಬೇಕೆಂದರೆ ಆ ಅಕ್ಷರ ಕಂಡರೆ ನನಗೆ ಆಗುವುದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ತುಮಕೂರಿನ ಒಂದು ಅನುದಾನಿತ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಮನೆ ಗುಬ್ಬಿಯಲ್ಲಿ. ದಿನಾ ರೈಲು, ತಪ್ಪಿದರೆ ಬಸ್ಸು. ಸೈನ್ಸಿನವರಿಗೆ ಲ್ಯಾಬಿನ ನೆಪದಲ್ಲಿ ಅಷ್ಟಿಷ್ಟು ಹಣ ಬರುತ್ತಿತ್ತು. ಆರ್ಟ್ಸಿನವರು ಸಂಶೋಧನೆ ಎಂದು ಬಾಯಿ ತೆರೆದರೆ ಪ್ರಿನ್ಸಿಪಾಲರು, "ನಿಮಗೇನ್ರೀ ಬೇಕು? ಒಂದು ಪೆನ್ನು, ಒಂದು ನೋಟ್‌ಬುಕ್ಕು" ಎನ್ನುತ್ತಿದ್ದರು. ತಮಾಷೆಗಲ್ಲ, ಪುಣ್ಯಾತ್ಮರು ಹಾಗೇ ನಂಬಿದ್ದರು. ನಮಗಿದ್ದ ಒಂದೇ ದಾರಿ ಅಧ್ಯಾಪಕರ ಫೆಲೋಶಿಪ್ಪು. ಪಿಎಚ್.ಡಿ. ಮಾಡಲು ಮೂರು ವರ್ಷ ಸಂಬಳ ಸಹಿತ ರಜೆ ಕೊಡುತ್ತಿದ್ದರು. ಅಷ್ಟು ದಿನ ನಮ್ಮ ಬದಲಿಗೆ ಪಾಠ ಮಾಡುವವರ ಸಂಬಳವನ್ನೂ ದೆಹಲಿಯ ಅನುದಾನ ಆಯೋಗದವರೇ ಕಳಿಸುತ್ತಿದ್ದರು. ನಾನು ನಾಲ್ಕು ಸಲ ಅರ್ಜಿ ಹಾಕಿ ಸೋತು, ಐದನೆಯ ಸಲ ಗಿಟ್ಟಿಸಿಕೊಂಡೆ.

ನನ್ನ ಬದಲಿಗೆ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಕುಣಿಗಲ್ಲಿನವಳು. ತಂದೆ ಇರಲಿಲ್ಲ, ತಾಯಿ ಅಂಗನವಾಡಿಯಲ್ಲಿದ್ದರು. ಒಳ್ಳೆಯ ನಂಬರು ತೆಗೆದು ಎಂ.ಎ. ಮುಗಿಸಿ, ಮನೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡಿದ್ದಳು. ನಾನೇ ಪ್ರಿನ್ಸಿಪಾಲರಿಗೆ ಹೇಳಿ ಸೇರಿಸಿದೆ. ಬೆಳಗ್ಗೆ ಕುಣಿಗಲ್ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಮೊದಲ ಪೀರಿಯಡ್ಡಿಗೆ ಸರಿಯಾಗಿ ಕ್ಲಾಸಿನಲ್ಲಿರುತ್ತಿದ್ದಳು. ಆರೇ ತಿಂಗಳಿಗೆ ಹುಡುಗರು ನನ್ನನ್ನು ಮರೆತರು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ವಿಷಯ ಅವಳ ಊರಿನ ಕೆರೆಯೇ. ಕುಣಿಗಲ್ ದೊಡ್ಡಕೆರೆಯ ನೀರನ್ನು ಹಿಂದೆ ಗದ್ದೆಗದ್ದೆಗೆ ಹೇಗೆ ಹಂಚುತ್ತಿದ್ದರು ಎಂಬುದು. ತೂಬು ಎತ್ತಿ ನೀರು ಬಿಡುತ್ತಿದ್ದ ನೀರುಗಂಟಿಗಳ ಮನೆಗಳಿಗೆ ತಿಂಗಳಿಗೊಂದು ಭಾನುವಾರ ಅವಳೇ ಕರೆದುಕೊಂಡು ಹೋಗುತ್ತಿದ್ದಳು. ಮುದುಕರು ನನ್ನೊಡನೆ ಮಾತಾಡಲು ಹಿಂಜರಿದರೆ, "ನಮ್ ಮೇಷ್ಟ್ರು ಕಣ್ ತಾತ, ಹೇಳಿ" ಎಂದು ಪುಸಲಾಯಿಸುತ್ತಿದ್ದಳು. ವಾಪಸು ಬಸ್‌ಸ್ಟ್ಯಾಂಡಿಗೆ ಬರುವಾಗ ತಪ್ಪದೆ ಕೇಳುತ್ತಿದ್ದಳು: "ಎಷ್ಟನೇ ಅಧ್ಯಾಯ ನಡೀತಿದೆ ಸಾರ್?"

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ನಾಲ್ಕು ಅಧ್ಯಾಯಗಳನ್ನು ವಿಶ್ವವಿದ್ಯಾಲಯದ ನನ್ನ ಗೈಡ್ ಒಪ್ಪಿದ್ದರು. ಐದನೆಯದು, ಅಂದರೆ ಕೊನೆಯದು, ಬರೆದು ಮನೆಯಲ್ಲಿಟ್ಟಿದ್ದೆ. ಆ ವಾರ ಏನೋ ಸಹಿಗೆಂದು ಕಾಲೇಜಿಗೆ ಹೋದಾಗ ಹೆಡ್ ಕ್ಲರ್ಕ್ ಕೇಳಿದರು.

"ಮುಗೀತಾ ಸಾ? ಹಂಗಾದ್ರೆ ಆ ಮೇಡಂ ಕತೇನೂ ಮುಗೀತು ಬುಡಿ. ನೀವು ಡ್ಯೂಟಿಗೆ ಬಂದ್ ದಿನಾನೇ ಅವ್ರನ್ನ ಮನೆಗೆ ಕಳಿಸ್ಬೇಕು. ಸರ್ಕಾರದೋರು ಒಂದು ಪೋಸ್ಟೂ ತುಂಬ್ತಾ ಇಲ್ಲ."

ರೈಲಿನಲ್ಲಿ ಗುಬ್ಬಿಗೆ ಬರುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ರಜೆ ಇನ್ನೂ ಒಂದು ವರ್ಷ ಬಾಕಿಯಿತ್ತು. ಅಷ್ಟನ್ನೂ ಎಳೆದರೆ ಅವಳಿಗೆ ಇನ್ನೊಂದು ವರ್ಷದ ಸಂಬಳ. ಕೊನೆಯ ಅಧ್ಯಾಯವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ. ಯಾರಿಗೂ ತಿಳಿಯದ ಹಾಗೆ ಉಪಕಾರ ಮಾಡುತ್ತಿದ್ದೇನೆಂದು ಎದೆ ಉಬ್ಬಿತ್ತು. ಹೆಂಡತಿಗೆ ಮಾತ್ರ ಹೇಳಿದೆ.

"ಆ ಹುಡ್ಗೀನ ಒಂದ್ ಮಾತು ಕೇಳಿದ್ರಾ?" ಎಂದಳು.

"ಕೇಳೋದೇನಿದೆ ಇದರಲ್ಲಿ? ಕೆಲಸ ಉಳಿಸ್ತೀನಿ ಅಂದ್ರೆ ಬೇಡ ಅಂತಾಳಾ?"

ಗೈಡ್‌ಗೆ ದಾಖಲೆ ಸಿಗುತ್ತಿಲ್ಲ ಎಂದು ಕಾಗದ ಬರೆದೆ. ಅವಳಿಗೂ ಅದನ್ನೇ ಹೇಳಿದೆ. ಆ ವರ್ಷ ಅವಳು ಕೇಳುವುದು ಹೆಚ್ಚಾಯಿತು. ತಿಂಗಳಿಗೊಮ್ಮೆ ಕೇಳುತ್ತಿದ್ದವಳು ವಾರಕ್ಕೊಮ್ಮೆ ಕೇಳಿದಳು. ಪಾಪ, ಕೆಲಸ ಹೋಗುವ ದಿನ ಎಣಿಸುತ್ತಿದ್ದಾಳೆ ಎಂದುಕೊಂಡೆ. "ಹೆದರ್ಕೋಬೇಡಮ್ಮ, ಸದ್ಯಕ್ಕೆ ಮುಗಿಯೋ ಹಂಗೆ ಕಾಣಲ್ಲ" ಎಂದು ಸಮಾಧಾನ ಹೇಳಿದೆ. ಅವಳು ತಲೆ ತಗ್ಗಿಸಿದಳು. ಒಂದು ಸೋಮವಾರ ನಾನು ಕಾಲೇಜಿಗೆ ಹೋದಾಗ ಯಡಿಯೂರಿನ ಪ್ರಸಾದ ತಂದುಕೊಟ್ಟಳು. "ನಿಮ್ಮ ಪ್ರಬಂಧ ಬೇಗ ಮುಗೀಲಿ ಅಂತ ಅರ್ಚನೆ ಮಾಡಿಸಿದೆ ಸಾರ್" ಎಂದಳು. ಮೇಷ್ಟ್ರ ಮೇಲೆ ಎಷ್ಟು ಗೌರವ ಎಂದು ನನ್ನ ಕಣ್ಣು ತುಂಬಿ ಬಂತು. ಪ್ರಸಾದ ತಿಂದೆ, ಬೀರುವಿನ ಬೀಗ ತೆಗೆಯಲಿಲ್ಲ.

ರಜೆಯ ಕೊನೆಯ ತಿಂಗಳಲ್ಲಿ ಟೈಪ್ ಮಾಡಿಸಿ, ಬೈಂಡು ಹಾಕಿಸಿ ಗೈಡ್ ಹತ್ತಿರ ಹೋದೆ. ಅವರು ಒಳಗಿನ ಪುಟ ತೆರೆಯಲೂ ಇಲ್ಲ.

"ಈಗ ತಂದ್ರಾ? ನಿಮ್ಮ ಜಾಗದಲ್ಲಿ ಪಾಠ ಮಾಡ್ತಿದಾಳಲ್ಲ, ಆ ಹುಡುಗಿ ಫೆಲೋಶಿಪ್ ಹೋದ ತಿಂಗಳು ಲ್ಯಾಪ್ಸ್ ಆಯ್ತು."

ನನಗೆ ಏನೂ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವಳು ಎರಡು ವರ್ಷದ ಹಿಂದೆ ದೆಹಲಿಯವರ ಪರೀಕ್ಷೆ ಪಾಸು ಮಾಡಿದ್ದಳು. ಐದು ವರ್ಷ ತಿಂಗಳು ತಿಂಗಳು ಹಣ ಕೊಟ್ಟು ಪಿಎಚ್.ಡಿ. ಮಾಡಿಸುವ ಫೆಲೋಶಿಪ್ಪು ಅದು. ಆದರೆ ಎರಡು ವರ್ಷದೊಳಗೆ ಯಾರಾದರೊಬ್ಬ ಗೈಡ್ ಹತ್ತಿರ ಹೆಸರು ನೋಂದಾಯಿಸಬೇಕು, ಇಲ್ಲವಾದರೆ ರದ್ದು. ಒಬ್ಬ ಗೈಡ್ ಎಂಟು ಜನರಿಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ವಿಷಯಕ್ಕೆ ಆ ವಿಶ್ವವಿದ್ಯಾಲಯದಲ್ಲಿದ್ದವರು ಇಬ್ಬರೇ ಗೈಡ್‌ಗಳು. ಇನ್ನೊಬ್ಬರು ನಿವೃತ್ತಿಯ ಅಂಚಿನಲ್ಲಿದ್ದು ಹೊಸಬರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಇವರ ಎಂಟು ಜನರಲ್ಲಿ ಮುಗಿಸುವ ಹಂತಕ್ಕೆ ಬಂದಿದ್ದವನು ನಾನೊಬ್ಬನೇ. ನಾನು ಪ್ರಬಂಧ ಒಪ್ಪಿಸಿದ ದಿನ ಆ ಜಾಗ ಅವಳಿಗೆ ಎಂದು ಇವರು ಮಾತು ಕೊಟ್ಟಿದ್ದರು.

"ಇನ್ನೊಂದ್ಸಲ ಪರೀಕ್ಷೆ ಬರೆಯೋಣ ಅಂದ್ರೆ ವಯಸ್ಸು ಮೀರಿತು ಅವಳಿಗೆ" ಎಂದರು. "ನಿಮಗೆ ಹೇಳ್ಬೇಡಿ ಅಂತ ಪ್ರಮಾಣ ಮಾಡಿಸ್ಕೊಂಡಿದ್ಲು ಕಣ್ರೀ."

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಪದವಿ ಬಂತು, ಅದರ ಹಿಂದೆ ಇನ್‌ಕ್ರಿಮೆಂಟುಗಳು ಬಂದವು. ಅವಳು ಎರಡು ಸಾವಿರದ ಇಸವಿ ದಾಟಿದ ಮೇಲೂ ಗಂಟೆ ಲೆಕ್ಕದಲ್ಲಿ ಅಲ್ಲೊಂದು ಇಲ್ಲೊಂದು ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದಳು. ಏಪ್ರಿಲ್ ಬಂದರೆ ಅದೂ ಇಲ್ಲ. ಅವಳಿಗಾಗಿ ನಾನು ಹತ್ತಾರು ಶಿಫಾರಸು ಪತ್ರ ಬರೆದೆ, ಒಂದೂ ಕೆಲಸಕ್ಕೆ ಬರಲಿಲ್ಲ. ಮಾಡಿದ ಅನ್ಯಾಯ ಕಾಗದದಿಂದ ತೊಳೆದು ಹೋಗುವಂಥದ್ದಾಗಿರಲಿಲ್ಲ.

ಆದರೆ ನನ್ನನ್ನು ಇವತ್ತಿಗೂ ಕೊರೆಯುವುದು ನಾನು ಡ್ಯೂಟಿಗೆ ಮರಳಿ ಅವಳು ಕೆಲಸ ಬಿಟ್ಟ ದಿನ. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಹಾಜರಿ ಪುಸ್ತಕಗಳನ್ನು ಒಂದೊಂದಾಗಿ ನನ್ನ ಮುಂದಿಟ್ಟು, ಯಾವ ಕ್ಲಾಸಿನಲ್ಲಿ ಪಾಠ ಎಲ್ಲಿಗೆ ನಿಂತಿದೆ ಎಂದು ಹೇಳಿದಳು. ನನ್ನ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಕೇಳಿಯೇಬಿಟ್ಟೆ.

"ಫೆಲೋಶಿಪ್ ವಿಷಯ ನನಗ್ಯಾಕಮ್ಮ ಹೇಳ್ಲಿಲ್ಲ ನೀನು?"

ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದಳು.

"ಹೇಗೆ ಹೇಳ್ಲಿ ಸಾರ್? ನೀವೇ ಕರ್ಕೊಂಡ್ ಬಂದು ಕೆಲಸ ಕೊಡಿಸಿದ್ರಿ. ಈಗ ನನಗೋಸ್ಕರ ಬೇಗ ಬರೀರಿ ಅಂತ ಕೇಳೋಕಾಗುತ್ತಾ? ದಾಖಲೆ ಸಿಗ್ದೆ ನೀವು ಒದ್ದಾಡ್ತಿದ್ರಿ. ನಾನೂ ಬೇರೆ ಅವಸರ ಮಾಡಿದ್ರೆ ನಿಮ್ಮ ಬರವಣಿಗೆ ಕೆಟ್ಟುಹೋಗ್ತಿತ್ತು."

ಆಗ ಹೇಳಬಹುದಿತ್ತು. ಬೀರು, ಬೀಗ, ನನ್ನ ದೊಡ್ಡಸ್ತಿಕೆ ಎಲ್ಲವನ್ನೂ ಅವಳ ಮುಂದೆ ಒಪ್ಪಿಕೊಳ್ಳಬಹುದಿತ್ತು. ಹಾಜರಿ ಪುಸ್ತಕಗಳನ್ನು ಸರಿಯಾಗಿ ಜೋಡಿಸುತ್ತ ಕೂತೆ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ ತಿರುಗಿ ನಿಂತಳು.

"ಕೊನೇ ಅಧ್ಯಾಯ ಅಷ್ಟು ಕಷ್ಟ ಆಯ್ತಾ ಸಾರ್?"

"ಹೂಂ ಕಣಮ್ಮ" ಎಂದೆ, "ತುಂಬ ಕಷ್ಟ ಆಯ್ತು."

"ಅಂತೂ ಮುಗೀತಲ್ಲ ಸಾರ್, ಬಿಡಿ" ಎಂದು ನನಗೇ ಸಮಾಧಾನ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.