ನಿಧಾನಕ್ಕನ ಸೂಜಿ

ಆ ಸ್ಕ್ಯಾನಿಂಗ್ ಡಾಕ್ಟರಿಗೆ ಆಸ್ಪತ್ರೆಯ ನರ್ಸುಗಳು ಇಟ್ಟ ಹೆಸರು ನಿಧಾನಕ್ಕ. ಬೇರೆಯವರು ಹತ್ತು ಜನರನ್ನು ನೋಡಿ ಮುಗಿಸುವ ಹೊತ್ತಿಗೆ ಆಕೆ ಆರು ಜನರನ್ನು ನೋಡಿರುತ್ತಿದ್ದರು. ಹೆಸರು ಕಿವಿಗೆ ಬಿದ್ದರೆ, "ನಂಗೇನು ಬಸ್ಸು ತಪ್ಪಿಹೋಗುತ್ತಾ?" ಎಂದು ನಕ್ಕುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಒಬ್ಬ ಬಡಗಿ ಹೆಂಡತಿಯ ಜೊತೆ ಬಂದ. ಎರಡು ತಿಂಗಳಿಂದ ಕೆಮ್ಮು, ಮೈ ಇಳಿದುಹೋಗಿತ್ತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಅಂಚಿಗೆ ನಿಂಬೆಹಣ್ಣಿನ ಗಾತ್ರದ ಗಂಟು. ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಕ್ಯಾನ್ಸರೇ ಇರಬೇಕೆಂದು ಯಾರೋ ಅಂದಿದ್ದೇ ತಡ, ಆತ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ.

"ಎದೆ ಕೊಯ್ತೀರಾ ಡಾಕ್ಟರಮ್ಮ?"

"ಕೊಯ್ಯೋದೇನೂ ಬೇಡಣ್ಣ. ಗಂಟು ಎದೆಗೋಡೆಗೆ ಅಂಟ್ಕೊಂಡಿದೆ, ಅದಕ್ಕೇ ಸ್ಕ್ಯಾನಲ್ಲಿ ಕಾಣ್ತಿದೆ. ನೋಡ್ಕೊಂಡೇ ಸೂಜಿ ಹಾಕಿ ಒಂದು ಚೂರು ತೆಗೀತೀನಿ. ನಾನು ಹೇಳ್ದಾಗ ಉಸಿರು ಬಿಗಿಹಿಡೀರಿ, ಸಾಕು."

ಚರ್ಮ ಮರಗಟ್ಟಿಸಿ, ರಕ್ತನಾಳಗಳನ್ನು ತಪ್ಪಿಸಿ ದಾರಿ ಹುಡುಕುವಷ್ಟು ಹೊತ್ತೂ ಆಕೆ ಪರದೆಯಿಂದ ಕಣ್ಣು ಕೀಳಲಿಲ್ಲ. ಪಕ್ಕೆಲುಬುಗಳ ಸಂದಿಯಲ್ಲಿ ಸೂಜಿ ಬೆಳ್ಳಗಿನ ಗೆರೆಯಾಗಿ ಇಳಿಯಿತು. ಟಕ್ಕೆಂದು ಸದ್ದಾಯಿತು, ದಾರದಷ್ಟು ತೆಳ್ಳನೆಯ ತುಣುಕು ಹೊರಬಂತು.

ನಾಲ್ಕು ದಿನಕ್ಕೆ ವರದಿ ಬಂತು: ಕ್ಯಾನ್ಸರ್ ಕಣಗಳಿಲ್ಲ. ನರ್ಸುಗಳು ಖುಷಿಪಟ್ಟರು. ನಿಧಾನಕ್ಕನಿಗೆ ಮಾತ್ರ ಸಮಾಧಾನವಿಲ್ಲ. "ಏನಿಲ್ಲ ಅಂತ ಬರೆದಿದ್ದಾರೆ. ಏನಿದೆ ಅಂತ ಬರೆದಿಲ್ಲವಲ್ಲ!"

ಸೂಜಿ ಹಾಕಿದಾಗಿನ ಸ್ಕ್ಯಾನ್ ಚಿತ್ರವನ್ನು ಮತ್ತೆ ತೆಗೆದು ನೋಡಿ, ಗಂಡ ಹೆಂಡಿರನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದರು. "ತಪ್ಪು ನಂದೇ. ಗಂಟಿನ ನಡುವೆ ಸೂಜಿ ಹಾಕಿದೆ, ಅಲ್ಲಿರೋದೆಲ್ಲ ಸತ್ತ ಭಾಗ. ಇನ್ನೊಂದ್ಸಲ ಅಂಚಿಂದ ತೆಗೀಬೇಕು. ಒಪ್ತೀರಾ?"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಬಡಗಿ ಮಾತ್ರ ಮೊದಲ ಸಲ ನಕ್ಕ. "ತಿರುಳು ಕೊಳೆತ ಮರ ನಾನೆಷ್ಟು ನೋಡಿಲ್ಲ? ಗಟ್ಟಿ ಇರೋದು ಅಂಚಲ್ಲೇ. ಹಾಕಿ ತಾಯಿ."

ಈ ಸಲ ಮೂರು ತುಣುಕು. ಅದರಲ್ಲೊಂದು ರೋಗಾಣು ಪರೀಕ್ಷೆಗೆ. ಆಮೇಲೆ ಎರಡು ಗಂಟೆ ಆಕೆ ನಡುನಡುವೆ ಬಂದು, ಶ್ವಾಸಕೋಶದಿಂದ ಗಾಳಿ ಸೋರಿದೆಯೇ ಎಂದು ನೋಡಿ ಹೋದರು. ಏನೂ ಆಗಿರಲಿಲ್ಲ.

ಉತ್ತರ ಸಿಕ್ಕಿತು: ಕ್ಷಯ. ಹೆಂಡತಿ ಅಳತೊಡಗಿದಾಗ ನಿಧಾನಕ್ಕ ಅವಳ ಕೈ ಹಿಡಿದುಕೊಂಡರು. "ಇದು ವಾಸಿಯಾಗೋ ಕಾಯಿಲೆ ತಂಗಿ. ಆರು ತಿಂಗಳು ಒಂದು ದಿನಾನೂ ತಪ್ಪದ ಹಾಗೆ ಮಾತ್ರೆ ನುಂಗಿಸಿ, ಅಷ್ಟೇ."

ಹೆಂಡತಿ ಒಂದು ದಿನವೂ ತಪ್ಪಿಸಲಿಲ್ಲ. ಆರು ತಿಂಗಳ ಮೇಲೆ ಗಂಟಿದ್ದ ಜಾಗದಲ್ಲಿ ಸಣ್ಣ ಕಲೆಯಷ್ಟೇ ಉಳಿದಿತ್ತು. ಕೆನ್ನೆ ತುಂಬಿಕೊಂಡಿದ್ದ ಬಡಗಿ, ದಿನವಿಡೀ ಗರಗಸ ಎಳೆದರೂ ಏದುಸಿರು ಬರುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡ. ಅಂದಿನಿಂದ ಆ ಕೋಣೆಯಲ್ಲಿ ಕಲಿಯಲು ಬರುವ ಪ್ರತಿ ಕಿರಿಯ ಡಾಕ್ಟರಿಗೂ ಆಕೆ ತಮ್ಮ ಆ ಮೊದಲ ಸೂಜಿಯ ಚಿತ್ರವನ್ನೇ ತೋರಿಸಿ, "ನಾನು ಎಡವಿದ್ದು ಇಲ್ಲಿ, ನೋಡ್ಕೊಳ್ಳಿ" ಎಂದು ಪಾಠ ಶುರುಮಾಡುತ್ತಾರೆ.