ತೇಲುವ ಜೀವಗಳ ಕಾವಲು

ಬೆಳಗಿನ ಐದೂವರೆ. ಕ್ಯಾನ್ಸರ್ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಇನ್ನೂ ಯಾರೂ ಇಲ್ಲ. ಯಾರೂ ಇಲ್ಲ ಎಂದರೆ ತಪ್ಪಾದೀತು. ಮೂವತ್ತೇಳು ಡಿಗ್ರಿ ಕಾವಿನ ಪೆಟ್ಟಿಗೆಯೊಳಗೆ ಅರವತ್ತೆರಡು ಬಾಟಲಿಗಳಿವೆ. ಒಂದೊಂದರಲ್ಲೂ ಒಬ್ಬೊಬ್ಬ ರೋಗಿಯ ಗಡ್ಡೆಯಿಂದ ತೆಗೆದ ಜೀವಕೋಶಗಳು ಬೆಳೆಯುತ್ತಿವೆ. ಆ ರೋಗಿಗಳಲ್ಲಿ ಬಹುಪಾಲು ಮಂದಿ ಈಗಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆಯುವ ಮುನ್ನ ಅಕ್ಕ ಬೆರಳಿನಿಂದ ಎರಡು ಸಲ ತಟ್ಟುತ್ತಾರೆ. "ಒಳಗಿರೋರಿಗೆ ಗೊತ್ತಾಗಲಿ ಅಂತ," ಎನ್ನುತ್ತಾರೆ, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ, ನಗದೆ.

ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು. ಇಪ್ಪತ್ತಾರು ವರ್ಷದಿಂದ, ಎರಡು ದಿನಕ್ಕೊಮ್ಮೆ ಬಾಟಲಿಗಳ ಹಳೆಯ ದ್ರಾವಣ ಹೀರಿ ತೆಗೆದು ಹೊಸದು ತುಂಬುವುದು ಅವರ ಕೆಲಸ. ವಿಜ್ಞಾನಿಗಳ ಲೇಖನಗಳಲ್ಲಿ ಅವರ ಹೆಸರು ಬರುವುದಿಲ್ಲ. ಬೆನ್ನು ಬಾಗಿದೆ, ಬ್ಲೀಚಿನ ಘಾಟಿಗೆ ಮೂಗು ಸತ್ತಿದೆ. "ಮನೇಲಿ ಹಾಲು ಸೀದರೂ ಯಜಮಾನರೇ ಹೇಳಬೇಕು. ಹೇಳೋ ಬದಲು ಸ್ಟವ್ ಆರಿಸೋದು ಕಲಿತಿದ್ರೆ ಚೆನ್ನಾಗಿತ್ತು."

ಇವತ್ತು ಅವರ ಕೈ ನೇರ ಮೂರನೇ ಅರೆಗೆ ಹೋಗುತ್ತದೆ. ಅಲ್ಲಿರುವುದು ಅವರ ತಂಗಿಯ ಬಾಟಲಿ. ಎದೆಯ ಗಡ್ಡೆ ಮೂಳೆಗೆ ಹರಡಿ ಒಂಬತ್ತು ವರ್ಷದ ಹಿಂದೆ ತೀರಿಕೊಂಡಾಕೆ, ತಾನೇ ಸಹಿ ಹಾಕಿ ಆ ಗಡ್ಡೆಯನ್ನು ಇಲ್ಲಿಗೆ ಕೊಟ್ಟು ಹೋದಳು. ಹೆಪ್ಪುಗಟ್ಟಿಸಿ ಇಟ್ಟಿದ್ದ ಸೀಸೆಗಳಲ್ಲಿ ಇದೇ ಕೊನೆಯದು. ನಿನ್ನೆ ಬೆಳಿಗ್ಗೆ ಕರಗಿಸಿದ್ದಾರೆ.

ನಮ್ಮ ಮೈಯ ಬಹಳಷ್ಟು ಕೋಶಗಳು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನಿಂದ ಒಂದನ್ನೊಂದು ಹಿಡಿದಿರುತ್ತವೆ. ಹಿಡಿತ ತಪ್ಪಿದ್ದು ಸಾಮಾನ್ಯವಾಗಿ ಸಾಯುತ್ತದೆ. ಸೃಷ್ಟಿಸಿದವನ ಕಟ್ಟಳೆ ಅದು. ತಂಗಿಯ ಕೋಶಗಳಲ್ಲಿ ಆ ಪ್ರೋಟೀನು ಮಾಡಿಸುವ ಜೀನೇ ಕೆಟ್ಟಿದೆ. ಅವು ಕೈ ಬಿಡುತ್ತವೆ, ಸಾಯುವುದಿಲ್ಲ. ರಕ್ತದಲ್ಲಿ ತೇಲಿಹೋಗಿ ಬೇರೆಡೆ ಮನೆ ಹೂಡುತ್ತವೆ. ಸರಿಯಾದ ಜೀನು ಸೇರಿಸಿದರೆ ಮತ್ತೆ ಹಿಡಿದುಕೊಂಡಾವೇ? ಅದೇ ಈಗಿನ ಪ್ರಯೋಗ.

ಸೂಕ್ಷ್ಮದರ್ಶಕದಲ್ಲಿ ಬಾಟಲಿಯ ತಳ ಖಾಲಿ. ಒಂದೂ ಅಂಟಿಲ್ಲ. ಎಲ್ಲ ಬಿಡಿಬಿಡಿಯಾಗಿ ತೇಲುತ್ತಿವೆ. ಬದುಕಿದ್ದು ಸಾಮಾನ್ಯವಾಗಿ ತಳಕ್ಕೆ ಅಂಟುತ್ತದೆ; ತೇಲುವುದನ್ನು ಸತ್ತಿದ್ದೆಂದು ಚೆಲ್ಲುವುದು ಈ ಕೋಣೆಯ ರೂಢಿ. "ಹೋದ ವರ್ಷ ನಾನೂ ಹಂಗೇ ಅಂದ್ಕೊಂಡು ಇವಳದೊಂದು ಬಾಟಲಿ ಚೆಲ್ಲಿಬಿಟ್ಟೆ. ಮೂರು ದಿನ ಊಟ ಸೇರಲಿಲ್ಲ."

ಅಷ್ಟರಲ್ಲಿ ಬಂದ ಯುವ ವಿಜ್ಞಾನಿ ಬಗ್ಗಿ ನೋಡುತ್ತಾರೆ. "ಹೋಯ್ತು ಬಿಡಿ ಅಕ್ಕ. ಬ್ಲೀಚ್ ಹಾಕಿ ಚೆಲ್ಲಿಬಿಡಿ."

"ನಿಮಗೆ ಯಾವಾಗಲೂ ಅವಸರ ಮೇಡಂ. ಒಂದು ಹನಿ ನೋಡೋಣ ತಾಳಿ."

ಅಕ್ಕ ಹನಿಗೆ ನೀಲಿ ಬಣ್ಣ ಬೆರೆಸುತ್ತಾರೆ. ಸತ್ತ ಕೋಶ ಬಣ್ಣ ಕುಡಿಯುತ್ತದೆ, ಬದುಕಿರುವುದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾನೂ ಕಣ್ಣಿಡುತ್ತೇನೆ. ನೀಲಿಯ ನಡುವೆ ನೂರಾರು ಬೆಳ್ಳನೆಯ ದುಂಡುಗಳು, ಒಂದನ್ನೊಂದು ಮುಟ್ಟದೆ, ನನ್ನನ್ನೇ ನೋಡುತ್ತಿರುವಂತೆ.

ಅಕ್ಕ ಎಣಿಸುತ್ತಾರೆ. ನೂರಕ್ಕೆ ಎಂಬತ್ತೊಂದು ಬದುಕಿವೆ. "ಹಠಮಾರಿ. ಚಿಕ್ಕೋಳಿದ್ದಾಗಲೂ ಅಷ್ಟೇ, ಹಿಡಿದ ಕೈ ಕೊಡವಿಕೊಂಡು ಓಡೋಳು."

ವಿಜ್ಞಾನಿ ಬ್ಲೀಚನ್ನು ಹಿಂದಕ್ಕಿಟ್ಟು, ಜೀನು ಸೇರಿಸುವ ಸಿದ್ಧತೆಗೆ ತೊಡಗುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ ಅಕ್ಕ ಬಾಟಲಿಯ ಮುಚ್ಚಳ ಬಿಗಿಮಾಡುತ್ತ ಹೇಳುತ್ತಾರೆ: "ಒಂದೇ ಒಂದು ಸಲ ಇವೆಲ್ಲ ಪಕ್ಕಪಕ್ಕ ಕೂತು ಕೈ ಹಿಡ್ಕೊಂಡಿದ್ದು ನೋಡಬೇಕು. ಆಮೇಲೆ ಬ್ಲೀಚು ನಾನೇ ಹಾಕ್ತೀನಿ, ಬೇರೆಯೋರು ಬೇಡ. ಒಂಬತ್ತು ವರ್ಷ ಆಯ್ತು. ಅವಳೂ ಮಲಗಬೇಡ್ವಾ?"